ಡಂಗುರ ನಮ್ಮ ಕೈಲಿ, ಮಾತು ಅವರ ಬಾಯಲ್ಲಿ

(ಸಕಲೇಶಪುರ, ಆಲೂರು ಕಡೆಯ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು. ಬರಲಾಗದೆ ಹೋದವರು ಕೇಳಿದ್ದರಿಂದ ಬರೆದುಕೊಟ್ಟಿದ್ದೇವೆ.)



ಯುದ್ಧದ ಹೊತ್ತಿನಲ್ಲಿ ದಂಡಿನವರು ಸುದ್ದಿಯನ್ನು ಹೇಗೆ ತಮ್ಮ ಮುಷ್ಟಿಯಲ್ಲಿ ಇಟ್ಟುಕೊಳ್ಳುತ್ತಾರೆ ಅನ್ನುವುದರ ಬಗ್ಗೆ ಈವತ್ತು ಮಾತಾಡೋಣ ಅಂತ ಬಂದಿದ್ದೇವೆ. ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು: ಹಾಸ್ಟೆಲಿನ ಸಾರು ನೀರಾಗಿದೆ, ಸ್ಕಾಲರ್‌ಶಿಪ್ಪು ಬಂದಿಲ್ಲ, ಇವರು ಎಲ್ಲಿಯದೋ ಯುದ್ಧದ ಮಾತು ತೆಗೆದರಲ್ಲ ಅಂತ. ಸಾರಿನ ಮಾತೂ ಆಡೋಣ, ಸ್ಕಾಲರ್‌ಶಿಪ್ಪಿನ ಮಾತೂ ಆಡೋಣ. ಆದರೆ ಯುದ್ಧ ನಿಮ್ಮ ಹಾಸ್ಟೆಲಿನ ಒಳಗೇ ಬಂದು ಹೋಗಿದೆ. 2025ರ ಮೇ ತಿಂಗಳಲ್ಲಿ ಅದು ನಿಮ್ಮ ಕೈಯಲ್ಲಿದ್ದ ಫೋನಿನಲ್ಲೇ ಬಂತು.

ಮೇ 8ರ ರಾತ್ರಿ ನೆನಪಿದೆಯಾ? ಕರಾಚಿ ಬಂದರು ಸುಟ್ಟು ಬೂದಿಯಾಯಿತು ಅಂತ ದೇಶದ ದೊಡ್ಡ ದೊಡ್ಡ ಟಿವಿ ಚಾನೆಲ್‌ಗಳು ಕೂಗಿದವು. ಬೆಳಗಾಗುವ ಹೊತ್ತಿಗೆ ಕರಾಚಿ ಬಂದರು ಇದ್ದಲ್ಲೇ ಇತ್ತು. ಆ ಕೂಗಿನ ನಡುವೆ ನಿಜವಾಗಿ ಸತ್ತವರು ಯಾರು? ಪೂಂಛ್ ಪಟ್ಟಣದ ಸಾಮಾನ್ಯ ಜನ. ಪಾಕಿಸ್ತಾನದ ಕಡೆಯ ಶೆಲ್ಲು ಮನೆಗಳ ಮೇಲೆ ಬಿದ್ದು ಮಕ್ಕಳು, ಹೆಂಗಸರು ಸತ್ತರು. ಅಲ್ಲಿ ಸತ್ತ ಒಬ್ಬ ಮದರಸಾ ಮೇಷ್ಟ್ರನ್ನು ಕೆಲವು ಚಾನೆಲ್‌ಗಳು ಭಯೋತ್ಪಾದಕ ಅಂತ ತೋರಿಸಿಬಿಟ್ಟವು. ಅದು ಸುಳ್ಳು ಅಂತ ಅಲ್ಲಿಯ ಪೊಲೀಸರೇ ಹೇಳಬೇಕಾಯಿತು. ಶತ್ರುವಿನ ಶೆಲ್ಲಿಗೆ ಸತ್ತವನು ನಮ್ಮ ಸುದ್ದಿಗೆ ಇನ್ನೊಂದು ಸಲ ಸತ್ತ.

ಇದು ಯಾಕೆ ಹೀಗೆ? ಯುದ್ಧ ಬಂದರೆ ಸುದ್ದಿಗೆ ಏನಾಗುತ್ತದೆ? ಇದನ್ನು ತಿಳಿಯಲು ನಾವು ದೆಹಲಿಗೆ ಹೋಗಬೇಕಾಗಿಲ್ಲ. ನಮ್ಮ ಈ ಗುಡ್ಡಗಳಲ್ಲೇ ಇದರ ಬೇರು ಸಿಗುತ್ತದೆ. ಅದಕ್ಕೂ ಮೊದಲು ನಮ್ಮ ಕೇರಿಯ ಮಾತು ಒಂದಿಷ್ಟು.

ನಮ್ಮ ಅಜ್ಜಂದಿರ ಕಾಲವನ್ನು ನೆನಪು ಮಾಡಿಕೊಳ್ಳಿ. ಊರಿಗೆ ಸುದ್ದಿ ತಿಳಿಸುತ್ತಿದ್ದವರು ಯಾರು? ಕಂದಾಯ ಕಟ್ಟಿ ಅಂತ, ಅಮಲ್ದಾರರ ಸವಾರಿ ಬರುತ್ತದೆ ಅಂತ, ಹಬ್ಬ ಗೊತ್ತಾಯಿತು ಅಂತ ಬೀದಿ ಬೀದಿಯಲ್ಲಿ ತಮಟೆ ಬಡಿದು ಸಾರಿದವರು ನಮ್ಮವರು. ಒಕ್ಕಲು ಮನೆಯಲ್ಲಿ ಸಾವಾದರೆ ಜಡಿಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು, ಇಂಬಳದ ಕಾಡು ದಾಟಿ, ನೆಂಟರ ಊರಿಗೆ ಸುದ್ದಿ ಮುಟ್ಟಿಸಿದವರೂ ನಮ್ಮವರೇ. ಕುಳವಾಡಿ ಅಂದರು, ತೋಟಿ ಅಂದರು. ಹುದ್ದೆ ಅಂತ ಹೆಸರು, ಮಾಡಿಸಿದ್ದು ಬಿಟ್ಟಿ. ಈ ಗ್ರಾಮಹುದ್ದೆಗಳನ್ನು 1961ರ ಕಾಯ್ದೆ ರದ್ದು ಮಾಡಿತು. ಆಮೇಲೂ ತಮಟೆ ಎಷ್ಟೋ ಊರಿನಲ್ಲಿ ನಮ್ಮ ಹೆಗಲಿನಿಂದ ಇಳಿಯಲಿಲ್ಲ.

ಇದರಲ್ಲಿ ಒಂದು ಸಂಗತಿ ಗಮನಿಸಿ. ಸುದ್ದಿ ಹೊತ್ತವರು ನಾವು. ಸುದ್ದಿ ಏನಿರಬೇಕು ಅಂತ ಹೇಳಿದವರು ಪಟೇಲರು, ಬರೆದುಕೊಂಡವರು ಶಾನುಭೋಗರು. ಪಟೇಲ ಹೇಳಿದ್ದಕ್ಕಿಂತ ಒಂದು ಮಾತು ಹೆಚ್ಚಿಗೆ ಸಾರುವ ಹಕ್ಕು ತಮಟೆ ಹಿಡಿದವನಿಗೆ ಇರಲಿಲ್ಲ. 'ನಮ್ಮ ಕೇರಿಯ ಬಾವಿ ಬತ್ತಿದೆ' ಅಂತ ಅವನು ಅದೇ ತಮಟೆ ಬಡಿದು ಸಾರಬಹುದಿತ್ತೇ? ಬೆನ್ನು ಮುರಿಯುತ್ತಿತ್ತು. ಆದ್ದರಿಂದ ಯುದ್ಧದಲ್ಲಿ ಪತ್ರಿಕೆಗಳ ಬಾಯಿ ಕಟ್ಟುತ್ತಾರೆ ಅಂದರೆ ನಮಗೆ ಅದು ಹೊಸದಾಗಿ ಕಾಣಬಾರದು. ದಂಡು ಪತ್ರಿಕೆಗೆ ಮಾಡುವುದನ್ನು ಊರು ನಮಗೆ ಎಂದೋ ಮಾಡಿದೆ.

ಈಗ ಗುಡ್ಡಕ್ಕೆ ಬರೋಣ. ದೋಣಿಗಾಲ್ ಹತ್ತಿರದ ಮಂಜರಾಬಾದ್ ಕೋಟೆಯನ್ನು ನೀವೆಲ್ಲ ನೋಡಿದ್ದೀರಿ. ಎಂಟು ಮೂಲೆಯ ನಕ್ಷತ್ರದ ಹಾಗೆ ಟಿಪ್ಪು ಕಟ್ಟಿಸಿದ್ದು, 1792ರಲ್ಲಿ ಮುಗಿದದ್ದು. ಮಂಜು ಕವಿದದ್ದನ್ನು ನೋಡಿ ಟಿಪ್ಪು ಈ ಹೆಸರಿಟ್ಟ ಅಂತ ಜನ ಹೇಳುತ್ತಾರೆ. ಕೋಟೆ ಅಲ್ಲೇ ಯಾಕೆ? ಮೈಸೂರಿನ ಕಡೆಯಿಂದ ಮಂಗಳೂರಿನ ಕಡಲಿಗೆ ಇಳಿಯುವ ದಾರಿ ಅಲ್ಲಿದೆ. ಈಚೆಗೆ ಬಿಸಿಲೆ ಘಾಟಿಯ ದಾರಿ. ಈ ದಾರಿಗಳು ಯಾರ ಕೈಲಿರುತ್ತವೋ ಅವರ ಕೈಲಿ ಅಕ್ಕಿ, ಉಪ್ಪು, ಮದ್ದುಗುಂಡು, ಟಪಾಲು ಎಲ್ಲ ಇರುತ್ತಿತ್ತು. ಈ ಸೀಮೆಗೆ ಆಗ ಬಲಂ ಅಂತ ಹೆಸರು. ಐಗೂರಿನ ಪಾಳೆಯಗಾರರು ಇದನ್ನು ಆಳುತ್ತಿದ್ದರು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಬಲಂನ ಪಾಳೆಯಗಾರ ಕಂಪನಿಗೂ ಬಗ್ಗಲಿಲ್ಲ, ಮೈಸೂರಿನ ಹೊಸ ಸರ್ಕಾರಕ್ಕೂ ಬಗ್ಗಲಿಲ್ಲ. ಕಾಡಿನೊಳಗೆ ಅರೆಕೆರೆ ಅನ್ನುವ ಕಡೆ ಬೇಲಿ, ಕಂದಕ, ಮರದ ಅಡ್ಡಗಟ್ಟು ಮಾಡಿಕೊಂಡು ಕೂತ. 1800ರ ಏಪ್ರಿಲ್‌ನಲ್ಲಿ ಮೊದಲು ಹೋದ ಕಂಪನಿ ತುಕಡಿ ಏಟು ತಿಂದು ಹಿಂದೆ ಬಂತು. ಅದೇ ತಿಂಗಳ ಕೊನೆಗೆ ಕರ್ನಲ್ ಮಾಂಟ್ರೆಸರ್ ದೊಡ್ಡ ಪಡೆ ತಂದು ಆ ಜಾಗ ಹಿಡಿದ. ಕಂಪನಿಯ ದಂಡು ಧೋಂಡಿಯಾ ವಾಘನ ಬೆನ್ನು ಹತ್ತಿ ಬಡಗಲಿಗೆ ಹೋದ ಮೇಲೆ ಪಾಳೆಯಗಾರ ಮತ್ತೆ ಎದ್ದ. 1802ರ ಜನವರಿ 16ರಂದು ಆರ್ಥರ್ ವೆಲ್ಲೆಸ್ಲಿ ತಾನೇ ಬಂದು ಅರೆಕೆರೆಯ ಕಾಡುಕೋಟೆಗೆ ನುಗ್ಗಿದ. ದಿವಾನ್ ಪೂರ್ಣಯ್ಯನವರ ಕಡೆಯ ಸೈನ್ಯವೂ ಜೊತೆಗಿತ್ತು. ಆಮೇಲೆ ಕಾಡು ಕಡಿದು ದಾರಿ ಮಾಡಿಸಿದರು, ಹಳ್ಳಿಗಳ ಸುತ್ತಲ ಕಟ್ಟುಬೇಲಿಗಳನ್ನು ಕೆಡವಿಸಿದರು. ಫೆಬ್ರವರಿಯಲ್ಲಿ ಪಾಳೆಯಗಾರನನ್ನು ಹಿಡಿದು ಗಲ್ಲಿಗೆ ಹಾಕಿದರು.

ಪಾಳೆಯಗಾರನನ್ನು ಹಾಡಿ ಹೊಗಳಲು ನಾವು ಇಲ್ಲಿ ನಿಂತಿಲ್ಲ. ಪಾಳೆಯಗಾರನ ಕಾಲದಲ್ಲೂ ನಮ್ಮವರು ಹೊಲೆಗೇರಿಯಲ್ಲೇ ಇದ್ದರು. ಅವನ ಬಿಟ್ಟಿಯನ್ನೂ ಮಾಡಿದರು. ನಮ್ಮ ಪ್ರಶ್ನೆ ಬೇರೆ. ಈ ಯುದ್ಧದ ಸುದ್ದಿ ನಮಗೆ ಗೊತ್ತಾದದ್ದು ಹೇಗೆ?

ಗೊತ್ತಾದದ್ದು ಹೆಚ್ಚಾಗಿ ವೆಲ್ಲೆಸ್ಲಿ ಬರೆದ ಕಾಗದಗಳಿಂದ. ಆತ ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಆದ, 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿದ. ಅವನ ಕಾಗದಗಳನ್ನು ಗುರ್ವುಡ್ ಅನ್ನುವ ಸೈನ್ಯಾಧಿಕಾರಿ 1834ರಿಂದ ಸಂಪುಟ ಸಂಪುಟವಾಗಿ ಅಚ್ಚು ಹಾಕಿಸಿದ. ಹೊಡೆದವನೇ ಬರೆದದ್ದು, ಅವನ ಕಡೆಯವನೇ ಅಚ್ಚು ಹಾಕಿಸಿದ್ದು. ಆಗ ಕನ್ನಡದಲ್ಲಿ ಒಂದು ಪತ್ರಿಕೆಯೂ ಇರಲಿಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಘಾಟಿಯ ಕೆಳಗೆ ಮಂಗಳೂರಿನಲ್ಲಿ ಹೊರಟದ್ದು 1843ರಲ್ಲಿ. ಅಂದರೆ ಗಲ್ಲು ಹಾಕಿ 41 ವರ್ಷವಾದ ಮೇಲೆ.

ಕನ್ನಡ ಪತ್ರಿಕೆ ಇರಲಿಲ್ಲ, ಸರಿ. ಇಂಗ್ಲಿಷ್ ಪತ್ರಿಕೆಗಳು ಇದ್ದವಲ್ಲ, ಕಲ್ಕತ್ತೆಯಲ್ಲಿ, ಮದರಾಸಿನಲ್ಲಿ? ಇಲ್ಲಿಯೇ ಕಥೆಯ ಗಂಟು ಇದೆ. ಮದರಾಸಿನಲ್ಲಿ 1795ರಲ್ಲೇ 'ಮದ್ರಾಸ್ ಗೆಜೆಟ್' ಪತ್ರಿಕೆಗೆ ಒಂದು ಆಜ್ಞೆಯಾಯಿತು: ಸರ್ಕಾರದ ಆದೇಶಗಳನ್ನು ಅಚ್ಚು ಹಾಕುವ ಮೊದಲು ಮಿಲಿಟರಿ ಸೆಕ್ರೆಟರಿಗೆ ತೋರಿಸಬೇಕು. ಇನ್ನು ಕಲ್ಕತ್ತೆಯಲ್ಲಿ ಗವರ್ನರ್ ಜನರಲ್ ಆಗಿದ್ದವನು ಈ ಆರ್ಥರನ ಅಣ್ಣ, ಲಾರ್ಡ್ ವೆಲ್ಲೆಸ್ಲಿ. ಟಿಪ್ಪುವಿನ ಮೇಲೆ ಯುದ್ಧ ಹೂಡಿದವನು ಅವನೇ. ಫ್ರೆಂಚರು ಟಿಪ್ಪುವಿನ ಜೊತೆ ಸೇರಿಬಿಡುತ್ತಾರೆ ಅಂತ ಅವನ ಭಯ. ಆ ಯುದ್ಧ ನಡೆಯುತ್ತಿದ್ದಾಗಲೇ ಕಲ್ಕತ್ತೆಯ 'ಏಷ್ಯಾಟಿಕ್ ಮಿರರ್' ಪತ್ರಿಕೆ ಈ ದೇಶದಲ್ಲಿ ಬಿಳಿಯರು ಎಷ್ಟು, ದೇಶೀಯರು ಎಷ್ಟು ಅಂತ ತೂಗಿ ನೋಡಿ ಬರೆಯಿತು. ಬರೀ ತಲೆ ಎಣಿಸಿದ್ದಕ್ಕೇ ಅವನಿಗೆ ಉರಿ ಹತ್ತಿತು. ಕೈಬೆರಳೆಣಿಕೆಯ ಜನ ಕೋಟಿ ಜನರನ್ನು ಆಳುತ್ತಿದ್ದಾರೆ ಅಂತ ಕೋಟಿ ಜನಕ್ಕೆ ತಿಳಿದುಬಿಟ್ಟರೆ?

1799ರ ಮೇ 13ರಂದು, ಶ್ರೀರಂಗಪಟ್ಟಣ ಬಿದ್ದ ಒಂಬತ್ತನೆಯ ದಿನ, ನಿಯಮ ಬಂತು. ಪತ್ರಿಕೆಯ ಕೆಳಗೆ ಮುದ್ರಕನ ಹೆಸರು ಹಾಕಬೇಕು. ಸಂಪಾದಕ, ಮಾಲೀಕರ ಹೆಸರು, ಮನೆಯ ವಿಳಾಸ ಸರ್ಕಾರದ ಸೆಕ್ರೆಟರಿಗೆ ಕೊಡಬೇಕು. ಭಾನುವಾರ ಪತ್ರಿಕೆ ಹೊರಡಕೂಡದು. ಸೆಕ್ರೆಟರಿ ಮೊದಲೇ ಓದಿ ಒಪ್ಪದ ಒಂದು ಸಾಲೂ ಅಚ್ಚಾಗಕೂಡದು. ಮೀರಿದರೆ ಹಡಗು ಹತ್ತಿಸಿ ಯೂರೋಪಿಗೆ ಗಡೀಪಾರು.

ಅಣ್ಣ ಕಲ್ಕತ್ತೆಯಲ್ಲಿ ಪತ್ರಿಕೆಯ ಬಾಯಿ ಹೊಲಿದ. ತಮ್ಮ ನಮ್ಮ ಕಾಡಿನಲ್ಲಿ ನೇಣು ಹಾಕಿ ಕಾಗದ ಬರೆದ. ಇದು ಒಂದೇ ಮನೆಯ ಕೆಲಸ. ನಮ್ಮ ಗುಡ್ಡದ ಯುದ್ಧ ನಡೆದ ಎರಡು ವರ್ಷವೂ ಈ ನಿಯಮ ಜಾರಿಯಲ್ಲಿತ್ತು. ಮೊದಲೇ ಓದಿ ಒಪ್ಪುವ ಈ ಪದ್ಧತಿ ಹೋದದ್ದು 1818ರಲ್ಲಿ. ಟಿಪ್ಪುವಿನ ಯುದ್ಧ ಮುಗಿದು 19 ವರ್ಷ ಕಳೆದಿತ್ತು.

ಈಗ ಆ ದಂಡಿನ ಬರಹದ ರೀತಿ ನೋಡಿ. ದಂಡಿನ ವರದಿಗೆ ತನ್ನದೇ ಒಂದು ವರ್ಣಾಶ್ರಮ ಇದೆ. ಬಿಳಿ ಅಧಿಕಾರಿ ಸತ್ತರೆ ಹೆಸರು ಬರುತ್ತದೆ. ಸಿಪಾಯಿ ಸತ್ತರೆ ಸಂಖ್ಯೆ ಬರುತ್ತದೆ. ಗಂಟು ಹೊತ್ತವನು, ಎತ್ತು ಹೊಡೆದವನು, ಕಾಡು ಕಡಿದ ಕೂಲಿಯವನು ಸತ್ತರೆ ಅದೂ ಇಲ್ಲ. ಕಂಪನಿಯ ಮದರಾಸು ಸೈನ್ಯದಲ್ಲಿ ತಮಿಳು ಸೀಮೆಯ ಪರಯರು ಇದ್ದರು, ನಮ್ಮಂಥವರೇ. ಆಚೆ ಪಾಳೆಯಗಾರನ ಹಳ್ಳಿಗಳಲ್ಲಿ ನಮ್ಮವರೇ. 'ಹಳ್ಳಿಗಳ ಕೋಟೆ ಕೆಡವಲಾಯಿತು' ಅಂತ ಬರೆದರೆ ಒಂದು ಸಾಲು. ಆ ಹಳ್ಳಿಯಲ್ಲಿ ಬಾಣಂತಿ ಇದ್ದಳೇ, ಕಣಜದ ಭತ್ತ ಏನಾಯಿತು, ಕಾಡಿಗೆ ಓಡಿದವರು ಆ ಚಳಿಗಾಲದಲ್ಲಿ ಏನು ತಿಂದರು, ಇದಕ್ಕೆ ದಂಡಿನ ಕಾಗದದಲ್ಲಿ ಜಾಗ ಇರುವುದಿಲ್ಲ.

ಹೆಸರು ಬರೆಯುವುದಕ್ಕೂ ಬರೆಯದಿರುವುದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಪುಣೆ ಹತ್ತಿರದ ಕೋರೆಗಾಂವ್‌ನಲ್ಲಿ 1818ರ ಜನವರಿ 1ರಂದು ಪೇಶ್ವೆಯ ಸೈನ್ಯದ ಎದುರು ಕಂಪನಿಯ ಪಡೆ ನಿಂತಿತು. ಕಂಪನಿ ಅಲ್ಲಿ ಒಂದು ಕಂಬ ನಿಲ್ಲಿಸಿ ಸತ್ತವರ ಹೆಸರು ಕೆತ್ತಿಸಿತು. ಅದರಲ್ಲಿ 'ನಾಕ್' ಅಂತ ಮುಗಿಯುವ ಹೆಸರುಗಳು ಮಹಾರರವು. ಕಂಪನಿ ಕೆತ್ತಿಸಿದ್ದು ತನ್ನ ಹೆಮ್ಮೆಗೆ. ಆದರೂ ಹೆಸರು ಕಲ್ಲಿನಲ್ಲಿ ಉಳಿಯಿತು. 1927ರ ಜನವರಿ 1ರಂದು ಬಾಬಾಸಾಹೇಬರು ಅಲ್ಲಿಗೆ ಹೋದರು. ನಿಮ್ಮ ಅಜ್ಜಂದಿರು ಹೇಡಿಗಳಲ್ಲ ಅಂತ ಜನಕ್ಕೆ ಆ ಹೆಸರುಗಳ ಮುಂದೆ ನಿಂತು ಹೇಳಲು ಆಯಿತು. ನಮ್ಮ ಬಲಂನ ಕಾಡಿನಲ್ಲಿ ಅಂಥ ಕಲ್ಲು ಇಲ್ಲ. ಯಾರ ಮುಂದೆ ನಿಲ್ಲೋಣ?

ಆಮೇಲಿನ ಕಥೆ ಬೇಗ ಹೇಳುತ್ತೇವೆ. 1857ರಲ್ಲಿ ಸಿಪಾಯಿಗಳು ಎದ್ದಾಗ ಲಾರ್ಡ್ ಕ್ಯಾನಿಂಗ್ ಅಚ್ಚುಕೂಟಗಳಿಗೆ ಲೈಸೆನ್ಸ್ ಕಡ್ಡಾಯ ಮಾಡಿದ. ಜನ ಅದಕ್ಕೆ ಬಾಯಿ ಕಟ್ಟುವ ಕಾಯ್ದೆ ಅಂತಲೇ ಕರೆದರು. ಮೊದಲ ಮಹಾಯುದ್ಧದಲ್ಲಿ 1915ರ ಭಾರತ ರಕ್ಷಣಾ ಕಾಯ್ದೆ. 1923ರಲ್ಲಿ ಸರ್ಕಾರಿ ರಹಸ್ಯ ಕಾಯ್ದೆ, ಇದು ಇವತ್ತಿಗೂ ಜೀವಂತ. 1939ರಲ್ಲಿ ಭಾರತ ರಕ್ಷಣಾ ನಿಯಮಗಳು. ಸ್ವಾತಂತ್ರ್ಯ ಬಂದ ಮೇಲೆ ಏನಾಯಿತು? ಚೀನಾ ಯುದ್ಧಕ್ಕೆ ಅಂತ 1962ರ ಅಕ್ಟೋಬರ್ 26ರಂದು ತುರ್ತುಪರಿಸ್ಥಿತಿ ಹೇರಿದರು. ಆ ಯುದ್ಧ ನವೆಂಬರ್‌ನಲ್ಲೇ ನಿಂತಿತು. ತುರ್ತುಪರಿಸ್ಥಿತಿ ತೆಗೆದದ್ದು 1968ರ ಜನವರಿಯಲ್ಲಿ. ಬಾಂಗ್ಲಾ ಯುದ್ಧಕ್ಕೆ ಅಂತ 1971ರ ಡಿಸೆಂಬರ್ 3ರಂದು ಮತ್ತೆ ಹೇರಿದರು. ಯುದ್ಧ ನಡೆದದ್ದು ಎರಡು ವಾರ. ಆ ತುರ್ತುಪರಿಸ್ಥಿತಿ 1977ರವರೆಗೂ ಹಾಗೇ ಇತ್ತು. 1975ರ ಜೂನ್‌ನಲ್ಲಿ ಇಂದಿರಾ ಗಾಂಧಿಯವರು ಅದರ ಮೇಲೆ ಇನ್ನೊಂದನ್ನು ಹೇರಿದರು, ಪತ್ರಿಕೆಗಳ ಮೇಲೆ ಸೆನ್ಸಾರ್ ಕೂರಿಸಿದರು.

ಇದರಿಂದ ನಾವು ಕಲಿಯುವ ಪಾಠ ಒಂದು. ಯುದ್ಧ ಬಂದಾಗ ಬಾಯಿಗೆ ಹಾಕಿದ ಕುಕ್ಕೆಯನ್ನು ಯುದ್ಧ ಮುಗಿದ ದಿನ ಯಾರೂ ಬಂದು ಬಿಚ್ಚುವುದಿಲ್ಲ. ಎತ್ತಿನ ಬಾಯಿಗಾದರೂ ಕಣದ ಕೆಲಸ ಮುಗಿದ ಮೇಲೆ ಕುಕ್ಕೆ ಬಿಚ್ಚುತ್ತಾರೆ.

ಇನ್ನೊಂದು ವಿಚಿತ್ರ ಕೇಳಿ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಕಂದಕಗಳಲ್ಲಿ ನಮ್ಮ ದೇಶದ ಸಿಪಾಯಿಗಳು ಸತ್ತರು. ಬಹಳ ಜನಕ್ಕೆ ಬರೆಯಲು ಬರುತ್ತಿರಲಿಲ್ಲ, ಬೇರೆಯವರ ಕೈಲಿ ಬರೆಸುತ್ತಿದ್ದರು. ಆ ಕಾಗದಗಳನ್ನೆಲ್ಲ ಸೆನ್ಸಾರ್ ಅಧಿಕಾರಿಗಳು ಒಡೆದು ಓದಿ, ಮುಖ್ಯ ಅನ್ನಿಸಿದ್ದನ್ನು ಇಂಗ್ಲಿಷಿಗೆ ಮಾಡಿ ತಮ್ಮ ವರದಿಯಲ್ಲಿ ಸೇರಿಸಿದರು. ಮೂಲ ಕಾಗದಗಳು ಬಹುಪಾಲು ಹೋದವು, ಸೆನ್ಸಾರ್ ವರದಿ ಉಳಿಯಿತು. ಆ ಸಿಪಾಯಿಯ ಸಂಕಟ ಇವತ್ತು ನಮಗೆ ಕೇಳಿಸುವುದು ಅವನ ಬಾಯಿ ಮುಚ್ಚಲು ಕೂತವನ ಬರವಣಿಗೆಯಿಂದ. ಬಡವನ ಮಾತು ಸರ್ಕಾರದ ದಫ್ತರಕ್ಕೆ ಸೇರುವುದು ಸಾಮಾನ್ಯವಾಗಿ ಹೀಗೆಯೇ, ಅಪರಾಧಿಯ ಹೇಳಿಕೆಯಾಗಿ.

ಇಲ್ಲಿ ನಿಮ್ಮಲ್ಲೊಬ್ಬರು ಎದ್ದು ಕೇಳಬಹುದು, ಕೇಳಲೇಬೇಕು: 'ಹಾಗಾದರೆ ಯುದ್ಧದಲ್ಲಿ ಎಲ್ಲವನ್ನೂ ಬಿಚ್ಚಿ ಹೇಳಬೇಕಾ? ನಮ್ಮ ಅಣ್ಣ ಗಡಿಯಲ್ಲಿದ್ದಾನೆ. ಅವನ ತುಕಡಿ ಎಲ್ಲಿದೆ ಅಂತ ಟಿವಿಯವನು ತೋರಿಸಿದರೆ ಸಾಯುವವನು ನಮ್ಮಣ್ಣ.' ಈ ಮಾತು ನ್ಯಾಯವಾದದ್ದು. ನಮ್ಮ ಕೇರಿಗಳಿಂದ ಸೈನ್ಯಕ್ಕೆ ಹೋದವರಿದ್ದಾರೆ. 1941ರಲ್ಲಿ ಮಹಾರ್ ರೆಜಿಮೆಂಟ್ ಕಟ್ಟಿಸಲು ಬಾಬಾಸಾಹೇಬರು ಹೋರಾಡಿದ್ದು ಸುಮ್ಮನೆ ಅಲ್ಲ. 2008ರ ನವೆಂಬರ್‌ನಲ್ಲಿ ಮುಂಬಯಿಯ ಹೋಟೆಲುಗಳಿಗೆ ಭಯೋತ್ಪಾದಕರು ನುಗ್ಗಿದಾಗ ಕಮಾಂಡೋಗಳ ಓಡಾಟವನ್ನು ಚಾನೆಲ್‌ಗಳು ನೇರವಾಗಿ ತೋರಿಸಿದವು. ಗಡಿಯಾಚೆ ಕೂತು ಫೋನಿನಲ್ಲಿ ಆಜ್ಞೆ ಕೊಡುತ್ತಿದ್ದವರು ಅದನ್ನು ನೋಡುತ್ತಿದ್ದರು. 2012ರ ಕಸಬ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಚಾನೆಲ್‌ಗಳಿಗೆ ಛೀಮಾರಿ ಹಾಕಿತು. ಅದು ಸರಿಯೇ ಇತ್ತು. ನಮ್ಮ ವೆಲ್ಲೆಸ್ಲಿಯೂ 1809ರಲ್ಲಿ ಸ್ಪೇನ್, ಪೋರ್ಚುಗಲ್ ಕಡೆ ಯುದ್ಧದಲ್ಲಿದ್ದಾಗ, ಲಂಡನ್ ಪತ್ರಿಕೆಗಳು ನನ್ನ ದಂಡು ಎಲ್ಲಿದೆ ಅಂತ ಬರೆದು ಶತ್ರುವಿಗೆ ಉಪಕಾರ ಮಾಡುತ್ತಿವೆ ಅಂತ ದೂರು ಬರೆದಿದ್ದ. ಆ ದೂರಿನಲ್ಲೂ ಹುರುಳಿತ್ತು.

ಆದ್ದರಿಂದ ನಾವು ಒಂದು ಗೆರೆ ಎಳೆದು ಮಾತಾಡೋಣ. ದಂಡು ಎಲ್ಲಿದೆ, ಯಾವ ಹೊತ್ತಿಗೆ ಹೊರಡುತ್ತದೆ, ಯಾವ ಆಯುಧ ಎಲ್ಲಿದೆ, ಇದನ್ನು ಮುಚ್ಚಿಡಲಿ. ಒಪ್ಪುತ್ತೇವೆ. ಎಷ್ಟು ಜನ ಸತ್ತರು, ಯಾರು ಸತ್ತರು, ಯಾರ ತಪ್ಪಿನಿಂದ ಸತ್ತರು, ಯಾಕಾಗಿ ಸತ್ತರು, ಇದನ್ನು ಮುಚ್ಚಿಡಲು ಯಾರಿಗೂ ಹಕ್ಕಿಲ್ಲ. ಮೊದಲನೆಯದು ಸಿಪಾಯಿಯ ಜೀವ ಉಳಿಸುತ್ತದೆ. ಎರಡನೆಯದು ದೊಡ್ಡವರ ಮಾನ ಉಳಿಸುತ್ತದೆ, ಅಷ್ಟೇ. ತೊಂದರೆ ಏನೆಂದರೆ ಎರಡನ್ನೂ ಒಂದೇ ಮೂಟೆಯಲ್ಲಿ ಕಟ್ಟಿ 'ದೇಶದ ಭದ್ರತೆ' ಅಂತ ಮೊಹರು ಒತ್ತುತ್ತಾರೆ. 1962ರ ಸೋಲು ಯಾಕಾಯಿತು ಅಂತ ಸೈನ್ಯದ ಇಬ್ಬರು ಅಧಿಕಾರಿಗಳು, ಹೆಂಡರ್‌ಸನ್ ಬ್ರೂಕ್ಸ್ ಮತ್ತು ಭಗತ್, 1963ರಲ್ಲೇ ವರದಿ ಕೊಟ್ಟರು. ಅದನ್ನು ಸರ್ಕಾರ ಜನದ ಮುಂದೆ ಇಡಲಿಲ್ಲ. ಅದರ ಒಂದು ಭಾಗ 2014ರಲ್ಲಿ ಹೊರಬಿದ್ದದ್ದು ಒಬ್ಬ ಆಸ್ಟ್ರೇಲಿಯಾ ಪತ್ರಕರ್ತನ ಕೈಯಿಂದ. ಹಿಮದಲ್ಲಿ ಬಟ್ಟೆಯಿಲ್ಲದೆ ಸತ್ತವನ ಅಮ್ಮನಿಗೆ ಕಾರಣ ತಿಳಿದರೆ ಐವತ್ತು ವರ್ಷದ ಮೇಲೂ ಯಾವ ಶತ್ರುವಿಗೆ ಲಾಭ?

ಈಗಿನ ಕಾಲದಲ್ಲಿ ಹತೋಟಿಯ ರೀತಿ ಬದಲಾಗಿದೆ. ವಿಯೆಟ್ನಾಂ ಯುದ್ಧದಲ್ಲಿ ಪತ್ರಕರ್ತರು ಓಡಾಡಿ ಬರೆದದ್ದರಿಂದ ಕೈ ಸುಟ್ಟುಕೊಂಡೆವು ಅಂತ ಅಮೆರಿಕದ ಸೈನ್ಯ ತಿಳಿಯಿತು. 1982ರಲ್ಲಿ ಫಾಕ್‌ಲ್ಯಾಂಡ್ ದ್ವೀಪಗಳ ಯುದ್ಧಕ್ಕೆ ಬ್ರಿಟನ್ ತನ್ನ ಪತ್ರಕರ್ತರನ್ನು ಯುದ್ಧದ ಹಡಗಿನಲ್ಲೇ ಕರೆದೊಯ್ದಿತು. ಬರೆದದ್ದನ್ನು ಕಳಿಸಬೇಕಾದರೆ ಅದೇ ಹಡಗಿನ ತಂತಿ, ಅದೇ ಅಧಿಕಾರಿಯ ಒಪ್ಪಿಗೆ. 1983ರಲ್ಲಿ ಗ್ರೆನೇಡಾಕ್ಕೆ ನುಗ್ಗಿದ ಅಮೆರಿಕ ಮೊದಲ ದಿನಗಳಲ್ಲಿ ಪತ್ರಕರ್ತರನ್ನು ಹತ್ತಿರವೇ ಬಿಡಲಿಲ್ಲ. 2003ರ ಇರಾಕ್ ಯುದ್ಧದ ಹೊತ್ತಿಗೆ ಇನ್ನೂ ಜಾಣರಾದರು: ಪತ್ರಕರ್ತರನ್ನು ತುಕಡಿಯ ಜೊತೆಗೇ ಇರಿಸಿದರು. ಅವರ ಟ್ಯಾಂಕಿನಲ್ಲಿ ಕೂತು, ಅವರ ಅನ್ನ ಉಂಡು, ಅವರ ಕಾವಲಿನಲ್ಲಿ ಮಲಗಿದವನು ಆ ಟ್ಯಾಂಕಿನ ಕಿಂಡಿಯಿಂದಲೇ ಲೋಕ ನೋಡುತ್ತಾನೆ. ಗೌಡರ ಜಗಲಿಯಲ್ಲಿ ಕೂತು ಕೇರಿಯ ಸುದ್ದಿ ಬರೆಯುವವನನ್ನು ನಾವು ಕಂಡಿಲ್ಲವೇ?

ನಮ್ಮಲ್ಲಿ 2021ರ ಕೇಬಲ್ ಟಿವಿ ನಿಯಮದಂತೆ ಭಯೋತ್ಪಾದನೆ ತಡೆಯುವ ಕಾರ್ಯಾಚರಣೆಯನ್ನು ನೇರವಾಗಿ ತೋರಿಸುವಂತಿಲ್ಲ. ಅದು ಮುಗಿಯುವವರೆಗೆ ಸರ್ಕಾರ ನೇಮಿಸಿದ ಅಧಿಕಾರಿ ಆಗಾಗ ಹೇಳಿದ್ದಷ್ಟೇ ಸುದ್ದಿ. 2025ರ ಏಪ್ರಿಲ್ 26ರಂದು ಸೈನ್ಯದ ಓಡಾಟ ತೋರಿಸಬೇಡಿ ಅಂತ ಸರ್ಕಾರ ಎಲ್ಲ ಚಾನೆಲ್‌ಗಳಿಗೆ ಸೂಚನೆ ಕೊಟ್ಟಿತು. ಇವೆಲ್ಲ ನಾವು ಎಳೆದ ಗೆರೆಯ ಒಳಗಿನ ಮಾತು. ಆದರೆ ಮುಂದೆ ಏನಾಯಿತು? ಎಕ್ಸ್ ಅನ್ನುವ ಜಾಲದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಖಾತೆ ಮುಚ್ಚಲು ಆಜ್ಞೆ ಹೋಯಿತು. ಮೇ 9ರಂದು 'ದಿ ವೈರ್' ಅನ್ನುವ ಸುದ್ದಿತಾಣವನ್ನು ದೇಶದಲ್ಲಿ ತೆರೆಯದ ಹಾಗೆ ಮಾಡಿದರು. ಕರಾಚಿ ಸುಟ್ಟಿತು ಅಂತ ಸುಳ್ಳು ಕೂಗಿದ ದೊಡ್ಡ ಚಾನೆಲ್ ಯಾವುದೂ ಹಾಗೆ ಮುಚ್ಚಲಿಲ್ಲ. ನಮ್ಮ ವಿಮಾನಗಳೂ ನಷ್ಟವಾದವು ಅನ್ನುವ ನಿಜವನ್ನು ರಕ್ಷಣಾ ಪಡೆಗಳ ಮುಖ್ಯಸ್ಥರು ಒಪ್ಪಿಕೊಂಡದ್ದು ಮೇ 31ರಂದು, ಸಿಂಗಾಪುರದಲ್ಲಿ, ಒಂದು ವಿದೇಶಿ ಟಿವಿಯ ಮುಂದೆ. ಎಷ್ಟು ಅಂತ ಅಲ್ಲೂ ಹೇಳಲಿಲ್ಲ.

ಹಳೆಯ ಕಾಲದಲ್ಲಿ ಸುದ್ದಿಯನ್ನು ಬರಗಾಲದಿಂದ ಸಾಯಿಸಿದರು. ಈಗ ನೆರೆಯಿಂದ ಸಾಯಿಸುತ್ತಾರೆ. ನಿಜದ ಒಂದು ಕೊಡ ನೀರನ್ನು ಹೇಮಾವತಿಯ ಆಷಾಢದ ಕೆಂಪು ನೀರಿಗೆ ಸುರಿದರೆ ನೀವು ಹೇಗೆ ಹುಡುಕುತ್ತೀರಿ?

ಇದೆಲ್ಲ ದೊಡ್ಡವರ ಸಂಗತಿ, ನಮಗೇನು ಅನ್ನಬೇಡಿ. ನಮ್ಮ ವಿಷಯದಲ್ಲಿ ಶಾಂತಿಯ ಕಾಲದಲ್ಲೂ ಯುದ್ಧಕಾಲದ ಸೆನ್ಸಾರೇ ನಡೆಯುತ್ತದೆ. 1920ರ ಜನವರಿ 31ರಂದು ಬಾಬಾಸಾಹೇಬರು 'ಮೂಕನಾಯಕ' ಹೊರಡಿಸಿದರು. ಹೀಗೊಂದು ಪತ್ರಿಕೆ ಬರುತ್ತದೆ ಅಂತ ತಿಲಕರ 'ಕೇಸರಿ'ಯಲ್ಲಿ ಒಂದು ಜಾಹೀರಾತು ಹಾಕಿಸಲು ಹೋದರೆ, ದುಡ್ಡು ಕೊಡುತ್ತೇವೆ ಅಂದರೂ 'ಕೇಸರಿ' ಹಾಕಲಿಲ್ಲ. ಬ್ರಿಟಿಷರ ರಾಜದ್ರೋಹ ಕಾಯ್ದೆಯಲ್ಲಿ ಜೈಲು ಕಂಡಿದ್ದ ತಿಲಕರ ಪತ್ರಿಕೆ ಅದು! ತನ್ನ ಬಾಯಿ ಕಟ್ಟಿದಾಗ ಕೂಗುವವನು ಇನ್ನೊಬ್ಬನ ಬಾಯಿ ಕಟ್ಟಲು ಹಿಂಜರಿಯುವುದಿಲ್ಲ.

ನಮ್ಮ ಕಡೆಯ ಮುಜುಗರದ ಮಾತನ್ನೂ ಹೇಳಿಬಿಡುತ್ತೇವೆ. 1942ರಲ್ಲಿ ಭಾರತ ರಕ್ಷಣಾ ನಿಯಮದಡಿ ಪತ್ರಿಕೆಗಳ ಬಾಯಿ ಕಟ್ಟಿದಾಗ, ಚಳವಳಿಯ ಸುದ್ದಿಯನ್ನು ಸೈಕ್ಲೋಸ್ಟೈಲ್ ಹಾಳೆಗಳಲ್ಲಿ ಗುಟ್ಟಾಗಿ ಹಂಚಿದರು. ನೀವು ಕೈಲಿ ಹಿಡಿದಿರುವ ಈ ಹಾಳೆಯ ತಾತ ಅದು. ಆಗ ಬಾಬಾಸಾಹೇಬರು ವೈಸರಾಯರ ಮಂಡಳಿಯಲ್ಲಿ ಕಾರ್ಮಿಕ ಖಾತೆಯ ಸದಸ್ಯರಾಗಿದ್ದರು. ಹಿಟ್ಲರ್ ಗೆದ್ದರೆ ಲೋಕದ ಬಡವರಿಗೆ ಉಳಿಗಾಲವಿಲ್ಲ ಅನ್ನುವುದು ಅವರ ನಿಲುವು. ಆ ನಿಲುವಿನಲ್ಲಿ ಸತ್ಯವಿತ್ತು, ಆ ಸರ್ಕಾರದ ಸೆನ್ಸಾರಿನಲ್ಲಿ ಅನ್ಯಾಯವಿತ್ತು. ಎರಡನ್ನೂ ಒಟ್ಟಿಗೆ ಹೇಳುವ ಧೈರ್ಯ ನಮಗಿರಬೇಕು. ನಮ್ಮವರು ಕೂತ ಸರ್ಕಾರ ಅಂತ ಮುಚ್ಚಿಟ್ಟರೆ ನಾವೂ ಒಂದು ಸಣ್ಣ ಸೆನ್ಸಾರ್ ಆಫೀಸೇ.

ಈಗ ಮಾಡಬೇಕಾದ ಕೆಲಸ. ಇನ್ನು ಮುಂದೆ ಯುದ್ಧದ ಸುದ್ದಿ ಬಂದಾಗ ಕುಣಿಯುವ ಮೊದಲು, ಬೇರೆಯವರಿಗೆ ಕಳಿಸುವ ಮೊದಲು ಐದು ಪ್ರಶ್ನೆ ಕೇಳಿ. ಇದನ್ನು ಕಣ್ಣಲ್ಲಿ ಕಂಡವರು ಯಾರು? ಹೇಳಲು ಅವರಿಗೆ ಯಾರ ಒಪ್ಪಿಗೆ ಬೇಕಿತ್ತು? ಸತ್ತವರ ಲೆಕ್ಕದಲ್ಲಿ ಯಾರನ್ನು ಬಿಟ್ಟಿದ್ದಾರೆ? ಆಚೆ ಕಡೆಯವರು ಏನು ಹೇಳುತ್ತಾರೆ? ಹತ್ತು ದಿನವಾದ ಮೇಲೆ ಈ ಸುದ್ದಿ ನಿಂತಿದೆಯೋ ಬಿದ್ದಿದೆಯೋ? ಈ ಐದಕ್ಕೂ ಉತ್ತರ ಸಿಗದಿದ್ದರೆ ಸುಮ್ಮನಿರಿ. ಸುಮ್ಮನಿರುವುದು ದೇಶದ್ರೋಹವಲ್ಲ.

ಎರಡನೆಯ ಕೆಲಸ. ರಜೆಗೆ ಊರಿಗೆ ಹೋದಾಗ ಒಂದು ನೋಟ್‌ಬುಕ್ ತಗೊಂಡು ಹೋಗಿ. ಕೇರಿಯಲ್ಲಿ, ತೋಟದ ಲೈನುಗಳಲ್ಲಿ ಸೈನ್ಯಕ್ಕೆ ಹೋಗಿ ಬಂದವರಿದ್ದರೆ ಅವರ ಹತ್ತಿರ ಕೂತುಕೊಳ್ಳಿ. ಗುಟ್ಟು ಕೇಳಬೇಡಿ. ಎಲ್ಲಿ ಹಸಿದಿರಿ, ಮನೆಗೆ ಕಾಗದ ಹೇಗೆ ಬರುತ್ತಿತ್ತು, ಯಾರು ಓದಿ ಹೇಳುತ್ತಿದ್ದರು, ಅಲ್ಲೂ ಜಾತಿ ಕೇಳಿದರೇ, ಪಿಂಚಣಿಗೆ ಎಷ್ಟು ಸಲ ಅಲೆದಿರಿ, ಇದನ್ನು ಕೇಳಿ. ಅವರ ಹೆಂಡತಿಯನ್ನೂ ಕೇಳಿ. ಗಂಡ ಗಡಿಯಲ್ಲಿದ್ದಾಗ ಸುದ್ದಿಗಾಗಿ ಯಾರ ಮನೆಯ ರೇಡಿಯೋದ ಮುಂದೆ, ಜಗಲಿಯಿಂದ ಎಷ್ಟು ದೂರದಲ್ಲಿ ನಿಂತು ಕೇಳಿದಿರಿ ಅಂತ ಕೇಳಿ. ಆ ಅಜ್ಜಿ ಹೇಳುವ ಯುದ್ಧದ ಸುದ್ದಿ ಯಾವ ಆಕಾಶವಾಣಿಯಲ್ಲೂ ಬಂದಿಲ್ಲ. ಹೇಳಿದ ಹಾಗೆಯೇ, ಅವರ ಮಾತಿನಲ್ಲೇ ಬರೆದುಕೊಳ್ಳಿ. ಹೆಸರು ಹಾಕಬಹುದೇ ಅಂತ ಅವರನ್ನೇ ಕೇಳಿ.

ಮುಂದೆ ಯಾವತ್ತೋ ಮಂಜರಾಬಾದ್ ಕೋಟೆ ಹತ್ತಿದಾಗ ಬಿಸಿಲೆಯ ಕಡೆಯ ಕಾಡನ್ನು ಒಂದು ಸಲ ನೋಡಿ. ಆ ಮಂಜಿನ ಕೆಳಗೆ ನಡೆದ ಯುದ್ಧವನ್ನು ಗೆದ್ದವನೇ ಬರೆದ. ನಮ್ಮವರಲ್ಲಿ ಒಬ್ಬನಿಗೆ ಆಗ ನಾಲ್ಕು ಅಕ್ಷರ ಬಂದಿದ್ದರೆ, ಬರೆದದ್ದನ್ನು ಉಳಿಸುವ ಒಂದು ಮನೆ ಇದ್ದಿದ್ದರೆ, ಈವತ್ತು ನಾವು ಓದುವ ಚರಿತ್ರೆಯೇ ಬೇರೆಯಾಗುತ್ತಿತ್ತು. ಅವರಿಗೆ ಅಕ್ಷರ ಕೊಡಲಿಲ್ಲ. ನಿಮಗೆ ಸಿಕ್ಕಿದೆ. ಎಷ್ಟು ಜನ ಹೊಡೆಸಿಕೊಂಡು ದಕ್ಕಿಸಿದ ಅಕ್ಷರ ಅದು ಅಂತ ನಿಮಗೆ ಗೊತ್ತಿದೆ.

ಮುನ್ನೂರು ವರ್ಷ ಪಟೇಲ ಹೇಳಿದ್ದನ್ನು ತಮಟೆ ಬಡಿದು ಸಾರಿದ್ದೇವೆ, ಸಾಕು. ತಮಟೆ ನಮ್ಮ ಕೈಲೇ ಇರಲಿ, ಬಿಡುವುದು ಬೇಡ. ಇನ್ನು ಮೇಲೆ ಸಾರುವ ಮಾತನ್ನು ನಾವು ಕಂಡು, ಕೇಳಿ, ತೂಗಿ ಸಾರೋಣ.

ಜೈ ಭೀಮ್.